ಸ್ಟಾರ್ಟರ್ ಹಗ್ಗಕ್ಕೂ ಬೇಕು ಆರೈಕೆ



ಎರಡು ಹಸು ಕಟ್ಟಿಕೊಂಡು ಕೈಯಲ್ಲೇ ಕರೆಯುವವರಿಗೆ ಕರೆಂಟ್ ಹೋದರೆ ಒಂದು ಟಾರ್ಚ್ ಸಾಕು. ಎಂಟು ಹತ್ತು ಹಸು ಕಟ್ಟಿ, ಹಾಲು ಕರೆಯುವ ಯಂತ್ರ ಇಟ್ಟುಕೊಂಡಿರುವ ನಿಮಗೆ ಹಾಗಲ್ಲ. ಬೆಳಗಿನ ಐದು ಗಂಟೆಗೆ ಕರೆಂಟ್ ಕೈಕೊಟ್ಟರೆ ಆ ಹೊತ್ತಿನ ಹಾಲೆಲ್ಲ ಒಂದು ಹಗ್ಗದ ಮೇಲೆ ನಿಂತಿರುತ್ತದೆ. ಅದು ಜನರೇಟರ್‌ನ ಹಗ್ಗವಾಗಿರಬಹುದು, ಯಂತ್ರಕ್ಕೇ ಜೋಡಿಸಿರುವ ಪುಟ್ಟ ಪೆಟ್ರೋಲ್ ಎಂಜಿನ್‌ನ ಹಗ್ಗವಾಗಿರಬಹುದು. ಎಳೆದರೆ ಎಂಜಿನ್ ಏಳಬೇಕು. ಏಳದಿದ್ದರೆ ಸಂಘದಲ್ಲಿ ಹಾಲು ಹಾಕುವ ಹೊತ್ತು ಮೀರುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಕೊಟ್ಟಿಗೆಯಲ್ಲೇ ಆಗುತ್ತದೆ.

ಹೇಗೆಂದರೆ, ಕೆಚ್ಚಲು ತೊಳೆದು ಒರೆಸಿದ ಒಂದು ನಿಮಿಷದ ಒಳಗೆ ಹಸು ತೊರೆ ಬಿಡಲು ಶುರು ಮಾಡುತ್ತದೆ. ಇದಕ್ಕೆ ಕಾರಣ ಅದರ ರಕ್ತದಲ್ಲಿ ಹರಿಯುವ ಆಕ್ಸಿಟೋಸಿನ್ ಎಂಬ ಚೋದಕ. ಇದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ನೀವು ಕೆಚ್ಚಲು ತೊಳೆದು, ಆಮೇಲೆ ಹೊರಗೆ ಹೋಗಿ ಹತ್ತು ನಿಮಿಷ ಹಗ್ಗದ ಜೊತೆ ಗುದ್ದಾಡಿ ಬಂದು ಕಪ್ ಹಾಕಿದರೆ ಹಾಲು ಪೂರ್ತಿ ಇಳಿಯುವುದಿಲ್ಲ. ಉಳಿದ ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ. ಇದು ಪದೇ ಪದೇ ಆದರೆ ಇಳುವರಿ ಕುಗ್ಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಆದ್ದರಿಂದ ಎಂಜಿನ್ ವಿಷಯ ಮಾತಾಡುವ ಮೊದಲೇ ಒಂದು ಮಾತು: ಮೊದಲು ಎಂಜಿನ್ ಎಬ್ಬಿಸಿ, ಅದು ಸಮವಾಗಿ ಓಡಲಿ, ಆಮೇಲೆ ಕೆಚ್ಚಲು ತೊಳೆಯಿರಿ. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ಆದರೂ ಬಹಳ ಮನೆಗಳಲ್ಲಿ ಇದು ಹಿಂದುಮುಂದಾಗಿಯೇ ನಡೆಯುತ್ತಿದೆ.

ಇನ್ನು ಹಗ್ಗದ ವಿಷಯ.

ಮುಚ್ಚಳದ ಒಳಗೆ ಏನಿದೆ?

ಎಂಜಿನ್‌ನ ಪಕ್ಕದಲ್ಲಿ ಸೀಳುಗಳಿರುವ ಒಂದು ಮುಚ್ಚಳ ಇದೆಯಲ್ಲ, ಅದರೊಳಗೆ ಒಂದು ರಾಟೆ ಇದೆ. ಹಗ್ಗ ಸುತ್ತಿಕೊಂಡಿರುವುದು ಅದಕ್ಕೇ. ರಾಟೆಯ ಹಿಂದೆ, ಹಳೆಯ ಗೋಡೆ ಗಡಿಯಾರದಲ್ಲಿ ಇರುವಂಥ ಸುರುಳಿ ಸ್ಪ್ರಿಂಗ್. ರಾಟೆಯ ಮುಂಭಾಗದಲ್ಲಿ ಒಂದೋ ಎರಡೋ ಪುಟ್ಟ ಕೊಕ್ಕೆಗಳು. ನೀವು ಹಗ್ಗ ಎಳೆದಾಗ ಈ ಕೊಕ್ಕೆಗಳು ಹೊರಗೆ ಚಾಚಿ, ಎಂಜಿನ್‌ನ ಫ್ಲೈವೀಲ್‌ಗೆ ಬಿಗಿದಿರುವ ಉಕ್ಕಿನ ಬಟ್ಟಲನ್ನು ಕಚ್ಚಿ ತಿರುಗಿಸುತ್ತವೆ. ಎಂಜಿನ್ ತಾನೇ ಓಡಲು ಶುರುವಾದ ಕೂಡಲೇ ಕೊಕ್ಕೆಗಳು ಬಿಟ್ಟುಕೊಳ್ಳುತ್ತವೆ, ಸ್ಪ್ರಿಂಗ್ ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಷ್ಟೇ ಯಂತ್ರ. ಹುಲ್ಲು ಕತ್ತರಿಸುವ ಬ್ರಷ್ ಕಟರ್, ಪವರ್ ವೀಡರ್, ಪೆಟ್ರೋಲ್ ಎಂಜಿನ್‌ನ ಮೇವು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಎಲ್ಲದರಲ್ಲೂ ಇದೇ ಏರ್ಪಾಡು. ಗಾತ್ರ ಬೇರೆ ಅಷ್ಟೆ.

ಮುಚ್ಚಳದ ಸೀಳುಗಳನ್ನು ಅಂದಕ್ಕೆ ಕೊಟ್ಟಿರುವುದಲ್ಲ. ಫ್ಲೈವೀಲ್‌ನ ರೆಕ್ಕೆಗಳು ಈ ಸೀಳುಗಳ ಮೂಲಕವೇ ಗಾಳಿ ಎಳೆದು ಎಂಜಿನ್‌ಗೆ ಬೀಸುತ್ತವೆ. ಹಾಗಾಗಿ ರಾಗಿ ಹುಲ್ಲಿನ ಸುಂಕು, ಹೊಟ್ಟಿನ ಧೂಳು, ಜೇಡರ ಬಲೆ ಇಲ್ಲಿ ಕಟ್ಟಿಕೊಂಡರೆ ಎರಡು ತೊಂದರೆ. ಎಂಜಿನ್ ಬಿಸಿಯಾಗುತ್ತದೆ, ಜೊತೆಗೆ ಅದೇ ಸುಂಕು ಒಳಗೆ ಹೋಗಿ ಕೊಕ್ಕೆಗಳ ಸಂದಿಯಲ್ಲಿ ಕೂರುತ್ತದೆ. ಹಗ್ಗ ಎಳೆದರೆ ಬರ್ರನೆ ಹೊರಗೆ ಬರುತ್ತದೆ, ಎಂಜಿನ್ ಮಾತ್ರ ತಿರುಗುವುದೇ ಇಲ್ಲ ಎಂಬ ದೂರು ಕೇಳಿರುತ್ತೀರಿ. ಅದು ಕೊಕ್ಕೆ ಹೊರಚಾಚದೆ ಸಿಕ್ಕಿಕೊಂಡಿರುವ ಲಕ್ಷಣ. ಹೊಸ ಸ್ಟಾರ್ಟರ್ ಕೊಳ್ಳುವ ಮೊದಲು ಒಂದು ಹಳೆ ಟೂತ್ ಬ್ರಷ್ ಹಿಡಿದು ನೋಡಿ.

ಎಣ್ಣೆ ಹಾಕುವುದರಲ್ಲಿ ಆಗುವ ತಪ್ಪು

ನಮ್ಮಲ್ಲಿ ಯಂತ್ರ ಬಿಗಿಯಾಯಿತು ಎಂದರೆ ಕೈಗೆ ಸಿಕ್ಕ ಎಣ್ಣೆ ಸುರಿಯುವ ಅಭ್ಯಾಸ ಇದೆ. ಗಾಡಿಯ ಬೇರಿಂಗ್‌ಗೆ ತುಂಬುವ ಗಟ್ಟಿ ಗ್ರೀಸ್ ಇಲ್ಲಿಗೆ ಬೇಡವೇ ಬೇಡ. ಅದಕ್ಕೆ ಹೊಟ್ಟಿನ ಧೂಳು ಅಂಟಿ ಒಂದು ತಿಂಗಳಲ್ಲಿ ಹಿಟ್ಟಿನ ಮುದ್ದೆಯಂತಾಗುತ್ತದೆ. ಎಂಜಿನ್‌ನಿಂದ ತೆಗೆದ ಹಳೆ ಕಪ್ಪು ಆಯಿಲ್‌ನಲ್ಲಿ ಮಸಿಯೂ ಕಸವೂ ಇರುತ್ತದೆ, ಅದೂ ಬೇಡ. ಕೊಬ್ಬರಿ ಎಣ್ಣೆ ಹಾಕುವವರಿಗೆ ಬೇರೆಯೇ ಸಮಸ್ಯೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನ ಚಳಿಯಲ್ಲಿ, ನಿಮಗೆ ಎಂಜಿನ್ ಬೇಕಾದ ಹೊತ್ತಿಗೇ ಸ್ಟಾರ್ಟರ್ ಕಚ್ಚಿಕೊಂಡು ಕೂರುತ್ತದೆ. ಅಡುಗೆ ಎಣ್ಣೆಗಳು ಕಾಲ ಕಳೆದಂತೆ ಅಂಟಾಗುತ್ತವೆ.

ಬೇಕಾಗುವುದು ತೆಳುವಾದ ಎಣ್ಣೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಪುಟ್ಟ ಸೀಸೆ ಯಾವ ಅಂಗಡಿಯಲ್ಲೂ ಸಿಗುತ್ತದೆ, ಅದೇ ಸಾಕು. ರಾಟೆ ತಿರುಗುವ ನಡುಗಂಬಕ್ಕೆ ಒಂದೆರಡು ತೊಟ್ಟು, ಸ್ಪ್ರಿಂಗ್ ಒಣಗಿದ್ದರೆ ಅದರ ಮೇಲೆ ಎರಡು ಮೂರು ತೊಟ್ಟು. ಕೊಕ್ಕೆಯ ಬುಡಕ್ಕೆ, ಅದು ತಿರುಗುವ ಗೂಟಕ್ಕೆ ಮಾತ್ರ, ಕಡ್ಡಿಯ ತುದಿಯಲ್ಲಿ ಅದ್ದಿ ಸವರಿದಷ್ಟು. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕೊಕ್ಕೆಯ ಮೂತಿಗೆ, ಅದು ಕಚ್ಚುವ ಬಟ್ಟಲಿಗೆ, ಹಗ್ಗಕ್ಕೆ ಎಣ್ಣೆ ಬೇಡ. ಹಿಡಿತ ಬೇಕಾದ ಜಾಗಕ್ಕೆ ಜಾರುವ ಗುಣ ಕೊಟ್ಟರೆ ಕೆಲಸ ಕೆಡುತ್ತದೆ. ಕೆಲವು ಕಂಪನಿಗಳು ಸ್ಪ್ರಿಂಗ್‌ಗೆ ತೆಳು ಗ್ರೀಸ್ ಹೇಳುತ್ತವೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹಾಗೆ ಇದ್ದರೆ ಅದರಂತೆಯೇ ಮಾಡಿ.

ತಿಂಗಳಿಗೊಮ್ಮೆ ಬಿಚ್ಚಿ ನೋಡುವುದು

ಮೇವು ಕತ್ತರಿಸುವ ಯಂತ್ರದ ಹತ್ತಿರವೇ ಎಂಜಿನ್ ಇದ್ದರೆ ತಿಂಗಳಿಗೊಮ್ಮೆ ಈ ಕೆಲಸ ಮಾಡಿ. ಧೂಳಿಲ್ಲದ ಜಾಗದಲ್ಲಿದ್ದರೆ ಮೂರು ತಿಂಗಳಿಗೊಮ್ಮೆ ಸಾಕು. ಎಂಜಿನ್ ತಣ್ಣಗಾಗಲಿ. ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ಟೋಪಿ ಕಿತ್ತು ಪಕ್ಕಕ್ಕೆ ಸರಿಸಿ. ಇದನ್ನು ಮರೆಯಬೇಡಿ. ಫ್ಲೈವೀಲ್ ಕೈಯಲ್ಲಿ ತಿರುಗಿಸುವಾಗ ಎಂಜಿನ್ ಹೊತ್ತಿಕೊಂಡರೆ ಬೆರಳು ಹೋಗುತ್ತದೆ.

ಸ್ಟಾರ್ಟರ್‌ನ ಮುಚ್ಚಳ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಬೋಲ್ಟ್‌ಗಳ ಮೇಲೆ ನಿಂತಿರುತ್ತದೆ. ಬಿಚ್ಚಿದರೆ ರಾಟೆ, ಹಗ್ಗ, ಹಿಡಿ ಎಲ್ಲ ಒಟ್ಟಿಗೇ ಕೈಗೆ ಬರುತ್ತವೆ. ಒಣ ಬ್ರಷ್‌ನಿಂದ ಸುಂಕು ತೆಗೆಯಿರಿ. ಹಳೆ ಗ್ರೀಸ್ ಗಟ್ಟಿಯಾಗಿದ್ದರೆ ಬಟ್ಟೆಯ ತುದಿಯನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಅದ್ದಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್ ಹಾಕಿ ತೊಳೆಯುವುದು ಬೇಡ, ಹುಲ್ಲಿನ ಮನೆಯ ಪಕ್ಕದಲ್ಲಂತೂ ಬೇಡವೇ ಬೇಡ. ಕೊಕ್ಕೆಗಳನ್ನು ಬೆರಳಿನಿಂದ ಆಡಿಸಿ. ಸರಾಗವಾಗಿ ಹೊರಬಂದು ಒಳಹೋಗಬೇಕು. ಮೂತಿ ಉರುಟಾಗಿ ಸವೆದಿದ್ದರೆ ಬದಲಾಯಿಸಿ.

ಇಲ್ಲಿ ಒಂದು ಎಚ್ಚರಿಕೆ. ಶುಚಿ ಮಾಡಲು ರಾಟೆಯನ್ನು ಹೊರಗೆ ತೆಗೆಯುವ ಅಗತ್ಯವಿಲ್ಲ. ಅದರ ಹಿಂದಿನ ಸ್ಪ್ರಿಂಗ್ ಬಿಗಿದು ಕೂತಿರುತ್ತದೆ, ರಾಟೆ ಎತ್ತಿದೊಡನೆ ಹಾವು ಚಿಮ್ಮಿದ ಹಾಗೆ ಹೊರಗೆ ಹಾರುತ್ತದೆ. ಅಂಚು ಹರಿತ. ಮುಖಕ್ಕೆ ಬಡಿದರೆ ಕಣ್ಣಿಗೆ ಅಪಾಯ. ಸ್ಪ್ರಿಂಗ್ ಬದಲಿಸುವ ಕೆಲಸ ಬಂದರೆ ಮೆಕ್ಯಾನಿಕ್ ಹತ್ತಿರ ಹೋಗುವುದೇ ಒಳ್ಳೆಯದು. ನೀವೇ ಮಾಡುವುದಾದರೆ ಕನ್ನಡಕ, ದಪ್ಪ ಕೈಚೀಲ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬೇಡಿ.

ಹಗ್ಗವನ್ನು ಪೂರ್ತಿ ಎಳೆದು ಉದ್ದಕ್ಕೂ ನೋಡಿ. ಹಿಡಿಯ ಗಂಟಿನ ಹತ್ತಿರ, ಮುಚ್ಚಳದಿಂದ ಹೊರಬರುವ ತೂತಿನ ಹತ್ತಿರ ಎಳೆ ಎದ್ದಿದ್ದರೆ ಈಗಲೇ ಬದಲಾಯಿಸಿ. ನಾಳೆ ಬೆಳಿಗ್ಗೆ ತುಂಡಾಗುವುದು ಅಲ್ಲೇ. ತೂತಿನ ಅಂಚು ಸವೆದು ಗೀರು ಬಿದ್ದಿದ್ದರೆ ಹೊಸ ಹಗ್ಗವೂ ಬಾಳುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆ ಹಗ್ಗವನ್ನು ಜೊತೆಗೆ ಒಯ್ಯಿರಿ, ಅದೇ ದಪ್ಪ, ಅದೇ ಉದ್ದ ಬೇಕು. ಹಸು ಕಟ್ಟುವ ನೈಲಾನ್ ದಾರ ಹಾಕಿ ಕೆಲಸ ಸಾಗಿಸಿದ ರಾಟೆಗಳನ್ನು ನೋಡಿದ್ದೇವೆ. ದಪ್ಪವಾದರೆ ರಾಟೆಯಲ್ಲಿ ಸುತ್ತು ಹಿಡಿಯುವುದಿಲ್ಲ, ಸಣ್ಣದಾದರೆ ರಾಟೆಯ ಪಕ್ಕಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದ ತುದಿಗಳನ್ನು ಬೆಂಕಿಕಡ್ಡಿ ಗೀರಿ ಕರಗಿಸಿ ಮುಚ್ಚಿ, ಆಗ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಹೊಸ ಹಗ್ಗ ಹಾಕಿದ ಮೇಲೆ ಸ್ಪ್ರಿಂಗ್‌ಗೆ ಎಷ್ಟು ಬಿಗುವು ಕೊಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕಡಿಮೆಯಾದರೆ ಹಿಡಿ ಹಸುವಿನ ಬಾಲದಂತೆ ಜೋತು ಬೀಳುತ್ತದೆ. ಹೆಚ್ಚಾದರೆ ಹಗ್ಗ ಪೂರ್ತಿ ಹೊರಬರುವ ಮೊದಲೇ ಸ್ಪ್ರಿಂಗ್ ಕೊನೆ ಮುಟ್ಟಿ ಮುರಿಯುತ್ತದೆ. ಪರೀಕ್ಷೆ ಸುಲಭ. ಹಗ್ಗವನ್ನು ಪೂರ್ತಿ ಹೊರಗೆ ಎಳೆದು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ರಾಟೆಯನ್ನು ಅದೇ ದಿಕ್ಕಿಗೆ ತಿರುಗಿಸಿ. ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಒಂದು ಸುತ್ತು ಬಿಗುವು ಇಳಿಸಿ.

ಕೊಟ್ಟಿಗೆ ತೊಳೆಯುವಾಗ ಪೈಪಿನ ನೀರು ಎಂಜಿನ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಸೀಳುಗಳ ಮೂಲಕ ನೀರು ಒಳಗಿಳಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸ್ಪ್ರಿಂಗ್ ಮುರಿಯದೆ ಉಳಿಯುವುದು ಅಪರೂಪ.

ಹಗ್ಗ ಬಿಗಿಯಾಗಿದ್ದರೆ ತಪ್ಪು ಯಾರದು?

ಎಷ್ಟೋ ಸಲ ಸ್ಟಾರ್ಟರ್‌ನ ತಪ್ಪೇ ಇರುವುದಿಲ್ಲ. ಬೇರೆ ಯಾರದೋ ತಪ್ಪಿಗೆ ಹಗ್ಗ ಹರಿಯುತ್ತದೆ. ಹಗ್ಗ ಅಲ್ಲಾಡುವುದೇ ಇಲ್ಲ ಎಂದಾಗ ಇಬ್ಬರು ಸೇರಿ ಜಗ್ಗಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿನಿಂದ ಮುಖ ದೂರ ಇಟ್ಟು, ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಬಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲೋ ಎಂಜಿನ್ ಆಯಿಲೋ ತುಂಬಿಕೊಂಡಿದೆ ಎಂದರ್ಥ. ಜೀಪಿನಲ್ಲೋ ಆಟೋದಲ್ಲೋ ಎಂಜಿನ್ ಮಲಗಿಸಿ ತಂದಾಗ ಹೀಗಾಗುತ್ತದೆ. ನಾಲ್ಕೈದು ಸಲ ಎಳೆದು ಹೊರಹಾಕಿ, ಪ್ಲಗ್ ಒರೆಸಿ ಹಾಕಿದರೆ ಸಾಕು. ಪ್ಲಗ್ ತೆಗೆದರೂ ಬಿಗಿಯಾಗಿದ್ದರೆ ಸ್ಟಾರ್ಟರ್ ಮುಚ್ಚಳ ಬಿಚ್ಚಿ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಅದು ತಿರುಗಿದರೆ ದೋಷ ಸ್ಟಾರ್ಟರ್‌ನಲ್ಲಿದೆ. ಅದೂ ತಿರುಗದಿದ್ದರೆ ಎಂಜಿನ್ ಅಥವಾ ಅದಕ್ಕೆ ಜೋಡಿಸಿದ ಯಂತ್ರ ಹಿಡಿದುಕೊಂಡಿದೆ.

ಜೋಡಿಸಿದ ಯಂತ್ರದ ಮಾತು ಬಂತು. ಮೇವು ಕತ್ತರಿಸುವ ಯಂತ್ರದ ಬಾಯಲ್ಲಿ ನಿನ್ನೆಯ ನೇಪಿಯರ್ ದಂಟು ಸಿಕ್ಕಿಕೊಂಡಿದ್ದು, ಬೆಲ್ಟ್ ಬಿಗಿಯಾಗಿದ್ದರೆ ನೀವು ಎಂಜಿನ್ ಜೊತೆಗೆ ಅದನ್ನೂ ಎಳೆಯುತ್ತಿರುತ್ತೀರಿ. ಹಾಲು ಕರೆಯುವ ಯಂತ್ರದ ನಿರ್ವಾತ ಪಂಪ್ ನೇರ ಎಂಜಿನ್‌ಗೆ ಬೆಲ್ಟ್ ಮೂಲಕ ಜೋಡಣೆಯಾಗಿದ್ದರೆ, ಪೈಪಿನ ಒಂದು ನಲ್ಲಿ ತೆರೆದಿಟ್ಟು ಸ್ಟಾರ್ಟ್ ಮಾಡಿ. ಪಂಪ್ ಹಗುರಾಗಿ ತಿರುಗುತ್ತದೆ. ಎಂಜಿನ್ ಹಿಡಿತಕ್ಕೆ ಬಂದ ಮೇಲೆ ಮುಚ್ಚಿ. ಜನರೇಟರ್‌ಗೂ ಅಷ್ಟೆ, ಅದು ಎದ್ದು ಸಮವಾದ ಮೇಲೆ ಯಂತ್ರದ ಸ್ವಿಚ್ ಹಾಕಿ.

ಹಗ್ಗ ಸರಾಗವಾಗಿದೆ, ಎಂಜಿನ್ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎಂದರೆ ಎಂಜಿನ್ ಆಯಿಲ್ ನೋಡಿ. ಈಗಿನ ಬಹಳಷ್ಟು ಜನರೇಟರ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸುವ ಏರ್ಪಾಡು ಇದೆ. ಆಗ ನೂರು ಸಲ ಎಳೆದರೂ ಅದು ಏಳುವುದಿಲ್ಲ, ಏಳಬಾರದು ಎಂದೇ ಹಾಗೆ ಮಾಡಿರುವುದು. ಇಳಿಜಾರಿನಲ್ಲಿ ಇಟ್ಟಾಗಲೂ ಹೀಗಾಗಬಹುದು. ಸಮತಟ್ಟಾದ ಜಾಗಕ್ಕೆ ತಂದು ಅಳತೆ ನೋಡಿ, ಬೇಕಾದಷ್ಟು ತುಂಬಿ. ಪೆಟ್ರೋಲ್ ಎಷ್ಟು ಹಳೆಯದು ಎಂದೂ ನೆನಪು ಮಾಡಿಕೊಳ್ಳಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳಾನುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಎಂಜಿನ್ ಏಳಲು ಸತಾಯಿಸುತ್ತದೆ, ಆ ಸಿಟ್ಟನ್ನೆಲ್ಲ ನಾವು ಹಗ್ಗದ ಮೇಲೆ ತೀರಿಸಿಕೊಳ್ಳುತ್ತೇವೆ.

ಎಳೆಯುವುದಕ್ಕೂ ಒಂದು ಕ್ರಮ

ಹಿಡಿ ಹಿಡಿದು ಮೊದಲು ಮೆಲ್ಲಗೆ ಎಳೆಯಿರಿ. ಒಂದು ಕಡೆ ತಡೆ ಸಿಗುತ್ತದೆ. ಅಲ್ಲಿ ಕೊಕ್ಕೆ ಬಟ್ಟಲನ್ನು ಕಚ್ಚಿರುತ್ತದೆ. ಅಲ್ಲಿಂದ ಚುರುಕಾಗಿ, ನೇರವಾಗಿ ಎಳೆಯಿರಿ. ಸಡಿಲ ಇದ್ದಾಗಲೇ ಝಾಡಿಸಿದರೆ ಕೊಕ್ಕೆಯ ಮೂತಿ ಒಡೆಯುತ್ತದೆ. ಓರೆಯಾಗಿ ಎಳೆದರೆ ಹಗ್ಗ ತೂತಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಹಗ್ಗದ ಕೊನೆ ಮುಟ್ಟುವವರೆಗೂ ಎಳೆಯಬೇಡಿ. ಎಂಜಿನ್ ಎದ್ದ ಖುಷಿಯಲ್ಲಿ ಹಿಡಿಯನ್ನು ಹಾಗೇ ಬಿಟ್ಟುಬಿಡಬೇಡಿ, ಕೈಯಲ್ಲೇ ಹಿಂದಕ್ಕೆ ತಂದು ಕೂರಿಸಿ. ಪಟ್ಟನೆ ಬಿಟ್ಟರೆ ಸ್ಪ್ರಿಂಗ್‌ಗೂ ಮುಚ್ಚಳಕ್ಕೂ ಪೆಟ್ಟು.

ಬ್ರಷ್ ಕಟರ್ ಆದರೆ ನೆಲದ ಮೇಲೆ ಇಟ್ಟು, ಬ್ಲೇಡು ಯಾವುದಕ್ಕೂ ತಾಗದಂತೆ ನೋಡಿ, ಎಡಗೈಯಲ್ಲಿ ಎಂಜಿನ್ ಒತ್ತಿ ಹಿಡಿದು ಎಳೆಯಿರಿ. ಕೋಲಿನ ಮೇಲೆ ಕಾಲಿಟ್ಟು ಎಳೆದರೆ ಕೋಲು ಬಾಗುತ್ತದೆ.

ಜನರೇಟರ್ ಆಗಲಿ, ಎಂಜಿನ್ ಆಗಲಿ ಕೊಟ್ಟಿಗೆಯ ಒಳಗೆ ಓಡಿಸಬೇಡಿ. ಮಳೆ ಎಂದು ಬಾಗಿಲು ಮುಚ್ಚಿ ಒಳಗೆ ಇಡುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನನ್ನೂ ದನವನ್ನೂ ಕೊಲ್ಲುತ್ತದೆ. ಜೊತೆಗೆ ಜೋರು ಸದ್ದಿಗೆ ಬೆದರಿದ ಹಸು ಹಾಲನ್ನು ತಡೆಹಿಡಿಯುತ್ತದೆ. ಹೊರಗೆ, ಹುಲ್ಲಿನ ಬಣವೆಯಿಂದ ದೂರ, ತಲೆಯ ಮೇಲೊಂದು ಸೂರು ಮಾಡಿ ಇಡಿ.

ಸೆಲ್ಫ್ ಸ್ಟಾರ್ಟ್ ಇರುವವರಿಗೆ

ಸ್ವಿಚ್ ಒತ್ತಿದರೆ ಏಳುವ ಎಂಜಿನ್‌ನಲ್ಲಿ ಹಗ್ಗದ ಬದಲು ಬ್ಯಾಟರಿ ಮತ್ತು ಮೋಟರ್ ಇರುತ್ತವೆ. ಸಣ್ಣ ಪೆಟ್ರೋಲ್ ಎಂಜಿನ್ ಆದರೆ ಒಂದು ಸಲಕ್ಕೆ 5 ಸೆಕೆಂಡ್‌ಗಿಂತ ಹೆಚ್ಚು ಒತ್ತಬೇಡಿ, 10 ಸೆಕೆಂಡ್ ಆದರೂ ಬಿಟ್ಟು ಮತ್ತೆ ಒತ್ತಿ. ಒತ್ತಿಯೇ ಹಿಡಿದರೆ ಮೋಟರ್ ಸುಡುತ್ತದೆ.

ಟಕ್ ಎಂಬ ಸದ್ದು ಮಾತ್ರ ಬಂದು ಮೋಟರ್ ತಿರುಗದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ, ಅದರ ತುದಿಗಳ ಮೇಲೆ. ಕೊಟ್ಟಿಗೆಯ ಗಂಜಲದಿಂದ ಏಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಹಾಗಾಗಿ ನಮ್ಮಲ್ಲಿ ಬ್ಯಾಟರಿ ತಂತಿಯ ತುದಿಗಳು ಬೇಗ ಹಸಿರುಗಟ್ಟುತ್ತವೆ. ಮೊದಲು ಮೈನಸ್ ತಂತಿ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳಬಾರದು. ಪ್ಲಸ್ ಮೊದಲು ಬಿಗಿದು, ಮೈನಸ್ ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ, 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಿ. ಚಾರ್ಜ್ ಆಗುವಾಗ ಹತ್ತಿರ ಬೀಡಿ ಹಚ್ಚಬೇಡಿ.

ಮೋಟರ್ ಸುಂಯ್ ಎಂದು ತಿರುಗಿದರೂ ಎಂಜಿನ್ ತಿರುಗದಿದ್ದರೆ ಅದು ಹಲ್ಲುಚಕ್ರ ಮುಂದೆ ಬಂದು ಕಚ್ಚಿಕೊಳ್ಳದಿರುವ ತೊಂದರೆ. ಇಲ್ಲಿಯೂ ಕಾರಣ ಬಹುಮಟ್ಟಿಗೆ ಧೂಳು ತಿಂದ ಗ್ರೀಸ್. ಹಲ್ಲುಚಕ್ರ ಜಾರುವ ತಿರುಪನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಎಣ್ಣೆ ಸೋಕಿಸಿದರೆ ಸಾಕು. ಮೋಟರ್‌ನ ಒಳಗೆ, ಕಾರ್ಬನ್ ಬ್ರಷ್‌ಗಳ ಕಡೆಗೆ ಎಣ್ಣೆ ಹೋಗಬಾರದು.

ಸಂಘದ ಬಿಎಂಸಿ ಕೇಂದ್ರದ ಡೀಸೆಲ್ ಜನರೇಟರ್‌ಗೂ ಇದೇ ಮಾತು ಅನ್ವಯ. ಎಷ್ಟು ಸೆಕೆಂಡ್ ಒತ್ತಬಹುದು ಎಂಬುದನ್ನು ಮಾತ್ರ ಅದರ ಪುಸ್ತಕದಲ್ಲೇ ನೋಡಬೇಕು. ಊರಿನ ಹಾಲೆಲ್ಲ 4 ಡಿಗ್ರಿಗೆ ಇಳಿಯಬೇಕಾದ ಹೊತ್ತಿನಲ್ಲಿ ಅದು ಏಳದಿದ್ದರೆ ನಷ್ಟ ಒಬ್ಬರದಲ್ಲ. ಕರೆಂಟ್ ಇದ್ದರೂ ವಾರಕ್ಕೊಮ್ಮೆ ಹದಿನೈದು ನಿಮಿಷ ಓಡಿಸಿ ನೋಡುವಂತೆ ಕಾರ್ಯದರ್ಶಿಗಳಲ್ಲಿ ಕೇಳಿ. ಓಡಿಸಿದ ದಿನಾಂಕ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ ದಿನಾಂಕ ಎರಡನ್ನೂ ಜನರೇಟರ್ ಕೋಣೆಯ ಗೋಡೆಯ ಮೇಲೆ ಬರೆದಿಡಲಿ. ಮುಂದಿನ ಸಭೆಗೆ ಹೋದಾಗ ಒಮ್ಮೆ ಇಣುಕಿ ನೋಡಿ ಬನ್ನಿ.